ಹನ್ನೊಂದನೇ ಪುಟದ ತಿದ್ದುಪಡಿ

ಪ್ರಿಯ ಡಾರ್ಲೀನ್ ಅವರಿಗೆ,

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆಗಸ್ಟಿನಲ್ಲಿ ವರ್ನ್ ನಿಮ್ಮನ್ನು ತನ್ನ ಚೀಸ್ ಕಾರ್ಖಾನೆಯಿಂದ ತೆಗೆದದ್ದು ಕಾನೂನಿಗೆ ವಿರುದ್ಧ. ಕಾರ್ಮಿಕ ಇಲಾಖೆಗೆ ದೂರು ಕೊಡಲು ಫೆಬ್ರವರಿ ಹದಿನೈದರವರೆಗೆ ಮಾತ್ರ ಅವಕಾಶ. ಉಳಿದದ್ದನ್ನು ಓದದಿದ್ದರೂ ಇದಿಷ್ಟನ್ನು ಓದಿ.

ನಾನು ನಾರ್ಬರ್ಟ್, ಪ್ರತಿ ಜನವರಿಯಲ್ಲಿ ನಿಮ್ಮ ಊಟದ ಕೋಣೆಯ ಗೋಡೆಗೆ ಕಾರ್ಮಿಕ ಕಾನೂನಿನ ಹಾಳೆ ಅಂಟಿಸಲು ಬರುತ್ತಿದ್ದವನು. ಕಾನೂನು ಬದಲಾದಾಗಲೆಲ್ಲ ಸಣ್ಣ ಮಾಲೀಕರಿಗೆ ತಿಳಿಸುವುದೇ ಇಪ್ಪತ್ತಾರು ವರ್ಷಗಳಿಂದ ನನ್ನ ಹೊಟ್ಟೆಪಾಡು. "ಬನ್ನಿ ಗೋಡೆ ಸಾಹೇಬ್ರೇ, ಈ ವರ್ಷ ನಮಗೇನು ದಯಪಾಲಿಸಿದ್ದೀರಿ?" ಎಂದು ನೀವು ಕಾಲೆಳೆಯುತ್ತಿದ್ದಿರಿ. ಉಳಿದವರು ಹಾಳೆಯ ಕೆಳಗೇ ಕೂತು ಜಿಂಕೆ ಬೇಟೆಯ ಬಡಾಯಿ ಕೊಚ್ಚುತ್ತಿದ್ದರು. ನೀವೊಬ್ಬರೇ ಸ್ಯಾಂಡ್‌ವಿಚ್ ಹಿಡಿದು ಎದುರು ನಿಂತು ಪೂರ್ತಿ ಓದುತ್ತಿದ್ದಿರಿ. ನನಗೆ ಒಳಗೊಳಗೇ ಹೆಮ್ಮೆ.

ಹೋದ ಜುಲೈನಲ್ಲಿ ನಿಯಮ ಬದಲಾಯಿತು. ಮನೆಯವರ ಕಾಯಿಲೆಗೆಂದು ಮೂರು ದಿನದವರೆಗೆ ರಜೆ ಹಾಕಿದರೆ ಮಾಲೀಕ ವೈದ್ಯರ ಚೀಟಿ ಕೇಳುವಂತಿಲ್ಲ. ನಾನು ಎಲ್ಲ ಮಾಲೀಕರಿಗೂ ಬರೆದು ಕಳಿಸಿದೆ ನಿಜ. ಆದರೆ ಹದಿನಾಲ್ಕು ಪುಟಗಳಲ್ಲಿ ಅದನ್ನು ತುರುಕಿದ್ದು ಹನ್ನೊಂದನೇ ಪುಟದಲ್ಲಿ, 'ಸಣ್ಣಪುಟ್ಟ ತಿದ್ದುಪಡಿಗಳು' ಎಂಬ ತಲೆಬರಹದ ಅಡಿಯಲ್ಲಿ. ಯಾರಿಗೆ ಸಣ್ಣದು ಎಂದು ಯೋಚಿಸಲಿಲ್ಲ. ವರ್ನ್ ಮೊದಲ ಪುಟ ದಾಟುವ ಆಸಾಮಿಯಲ್ಲ ಎಂದು ಗೊತ್ತಿತ್ತು. ಗೋಡೆಯ ಹಳೆಯ ಹಾಳೆಯನ್ನಾದರೂ ಬಂದು ಬದಲಿಸಬಹುದಿತ್ತು. ಹೇಗೂ ಜನವರಿಯಲ್ಲಿ ಹೋಗುತ್ತೇನಲ್ಲ ಎಂದು ಸೋಮಾರಿಯಾದೆ.

ನಿನ್ನೆ ಕಾರ್ಖಾನೆಗೆ ಹೋದರೆ ನೀವಿಲ್ಲ. ವರ್ನ್‌ನನ್ನು ಕೇಳಿದೆ.

"ಅಮ್ಮಂಗೆ ಹುಷಾರಿಲ್ಲ ಅಂತ ಮೂರು ದಿನ ಬರ್ಲಿಲ್ಲ, ಚೀಟಿನೂ ತರ್ಲಿಲ್ಲ. ಚೀಟಿ ಬೇಕು ಅಂತ ನಿನ್ನ ಹಾಳೇಲೇ ಇದ್ಯಲ್ಲಪ್ಪ. ಕರ್ಕೊಂಡ್ಹೋಗಿ ತೋರಿಸ್ದೆ. ಓದ್ತಾ ನಿಂತಿದ್ಲು, ಆಮೇಲೆ ಹೊರಟ್ಹೋದ್ಲು."

ಅವನು ಕೆಟ್ಟವನಲ್ಲ. ಗೋಡೆಯನ್ನು ನಂಬಿದ. ನೀವೂ ನಂಬಿದಿರಿ. ನಾನು ಬರೆದದ್ದನ್ನು ಓದುತ್ತಿದ್ದ ಒಬ್ಬರೇ ಒಬ್ಬರ ಕೆಲಸ ನನ್ನ ಹಾಳೆಯಿಂದಲೇ ಹೋಯಿತು. ಅದನ್ನು ಕೀಳುವಾಗ ನೋಡಿದೆ, ಚೀಟಿಯ ಸಾಲಿನ ಕೆಳಗೆ ಪೆನ್ಸಿಲ್ ಗೆರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, "ಅಮ್ಮನ ಡಾಕ್ಟರು ಇರೋದು ತೊಂಬತ್ತು ಮೈಲಿ ದೂರ." ವಾದ ಮಾಡಲು ನಿಮಗೆ ಸಿಕ್ಕಿದ್ದು ಆ ಗೋಡೆಯೊಂದೇ.

ವರ್ನ್‌ಗೆ ಹನ್ನೊಂದನೇ ಪುಟ ತೆರೆದು ತೋರಿಸಿದೆ. ಅವನು ಅದನ್ನು ಎರಡು ಸಲ ಓದಿ, "ಅವಳು ಬರೋದಾದ್ರೆ ಬರ್ಲಿ. ನೀನು ಮಾತ್ರ ಇನ್ಮೇಲೆ ಬರ್ಬೇಡ" ಎಂದ. ಅವನ ಬಾಯಿಮಾತನ್ನು ನೆಚ್ಚಿ ಕೂರಬೇಡಿ, ದೂರು ಕೊಡಿ. ನನ್ನ ತಪ್ಪನ್ನು ಬರೆದು ಸಹಿ ಹಾಕಿದ್ದೇನೆ. ಅದನ್ನೂ ನಿಮ್ಮ ಗೆರೆಯಿರುವ ಹಳೆಯ ಹಾಳೆಯನ್ನೂ ಇದರ ಜೊತೆ ಇಟ್ಟಿದ್ದೇನೆ.

ಹೊಸ ಹಾಳೆಯೂ ಇದರಲ್ಲೇ ಇದೆ. ನಾನು ಅಂಟಿಸಲಿಲ್ಲ. ನೀವು ಮರಳಿ ಹೋದ ದಿನ ಒಂದು ಸಲ ಪೂರ್ತಿ ಓದಿ, ಸರಿಯಿದೆ ಅನ್ನಿಸಿದರೆ ನೀವೇ ಅಂಟಿಸಿ. ಕಾನೂನಿನ ಹಾಳೆಯಿಲ್ಲದೆ ಗೋಡೆ ಬಹಳ ದಿನ ಖಾಲಿಯಿದ್ದರೆ ವರ್ನ್‌ಗೆ ದಂಡ ಬೀಳುತ್ತದೆ, ಆದ್ದರಿಂದ ಬೇಗ ಹೋಗಿ.

ನಿಮ್ಮ ತಾಯಿ ಚೇತರಿಸಿಕೊಂಡಿರಲಿ, ನಿಮಗೆ ಒಳ್ಳೆಯದಾಗಲಿ ಎಂದು ಹಾರೈಸುವ,

ನಿಮ್ಮ ಗೋಡೆ ಸಾಹೇಬ,
ನಾರ್ಬರ್ಟ್ ಸ್ಟಾಡ್ಲರ್