ಎರಡೂ ಒಟ್ಟಿಗೆ ತಗೊಂಡರೆ

ಜೂನ್ ೧೨, ಗುರುವಾರ

ದೊಡ್ಡ ಕಾಲೇಜೋ, ಮನೆ ಹತ್ತಿರದ ಚಿಕ್ಕದೋ, ಇನ್ನೂ ತೀರ್ಮಾನವಾಗಿಲ್ಲ. ಎಂಜಿನಿಯರಿಂಗ್ ಜೊತೆಗೆ ಬಿಸಿನೆಸ್ಸನ್ನೂ ಎರಡು ಕಡೆಯೂ ಓದಬಹುದು. ಚಿಕ್ಕದರ ಫೀಸು ನಮ್ಮ ಕೈಗೆಟುಕುತ್ತದೆ. ಆದರೆ ಸಂಜೆಯಿಂದ ತಲೆ ತಿನ್ನುತ್ತಿರುವುದು ಅದಲ್ಲ.

ದೊಡ್ಡ ಕಾಲೇಜಿನ ಅಡ್ಮಿಷನ್ ಕೋಣೆಯಲ್ಲಿ ಅಪ್ಪ ಎಲ್ಲರೆದುರು ಕೇಳಿಬಿಟ್ಟರು: "ಮೇಡಂ, ಎರಡೂ ಕೋರ್ಸು ಒಟ್ಟಿಗೆ ತಗೊಳ್ತಿದ್ದಾಳಲ್ಲ, ಏನಾದ್ರೂ ಕಮ್ಮಿ ಮಾಡ್ಕೊಡ್ತೀರಾ?"

ಪರದೆ ಬಟ್ಟೆಯ ಅಂಗಡಿ ನಮ್ಮದು. ಗಿರಾಕಿಗಳು ಅಪ್ಪನನ್ನು ದಿನವಿಡೀ ಕೇಳುವುದೇ ಇದನ್ನು. ಅಪ್ಪ ಯಾರಿಗೂ ಇಲ್ಲ ಎಂದವರಲ್ಲ.

ಮೇಡಂ ನಕ್ಕರು. ಹಿಂದೆ ಕೂತವರೂ ನಕ್ಕರು. ಅವರ ಜೊತೆ ಸೇರಿಕೊಂಡು ನಾನೂ ನಕ್ಕೆ, ಅಪ್ಪ ಬೇರೆ ಯಾರದೋ ಮನೆಯವರು ಎಂಬ ಹಾಗೆ. ಅಪ್ಪ ತಿರುಗಿ ನೋಡಿದ್ದು ನನ್ನನ್ನು ಮಾತ್ರ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ನನಗೇ ಬಿಟ್ಟರು. ಇಳಿಯುವಾಗ ಅಂದರು: "ಅದೇ ಕಾಲೇಜು ಇಷ್ಟ ಇದ್ರೆ ಅಲ್ಲೇ ಸೇರು ಮಗಳೇ, ಹೇಗೋ ನೋಡ್ಕೊಳ್ಳೋಣ. ಸೇರ್ಸೋ ದಿನ ಮಾತ್ರ ಅಮ್ಮನ್ನ ಕರ್ಕೊಂಡು ಹೋಗು. ಅವಳು ಜಾಸ್ತಿ ಮಾತಾಡಲ್ಲ."

ಬೇಡಪ್ಪ, ನೀವೇ ಬನ್ನಿ ಎನ್ನಬೇಕಿತ್ತು. ಸರಿ ಎಂದೆ.

ಹಾಗೆ ಅಂದಾಗ ಎದೆ ಹಗುರಾಯಿತು. ಅದೊಂದನ್ನು ಅಪ್ಪನಿಗೆ ಹೇಗೆ ಹೇಳಲಿ?