ಮೇಡಂ ತವರಿನ ವಿಲ್ಲೋ ಗಿಡ

ಚಂಪಕ್ಕಾ,

ಮೀನು ಸುಡಲೆಂದು ನೀವು ಕುಂಡದಿಂದ ಕಿತ್ತಿಟ್ಟ ಒಣ ಕಡ್ಡಿ, ಮೇಡಂ ತಮ್ಮ ತವರಿನ ಹಿಮದ ಬೆಟ್ಟದಿಂದ ತಂದ ವಿಲ್ಲೋ ಗಿಡ. ಚಳಿಗಾಲದಲ್ಲಿ ಅದು ಎಲೆ ಉದುರಿಸಿ ಮಲಗುತ್ತದಂತೆ. ನಮ್ಮ ಕರಾವಳಿಯವರಿಗೆ ಅದು ಹೇಗೆ ಗೊತ್ತಾಗಬೇಕು?

ಉಗುರಿನಿಂದ ಗೀರಿ ನೋಡಿದೆ, ಒಳಗೆ ಇನ್ನೂ ಹಸಿರು ಉಂಟು. ಮತ್ತೆ ನೆಟ್ಟು ಎ.ಸಿ. ಕೋಣೆಯಲ್ಲಿಟ್ಟಿದ್ದೇನೆ, ಬಾಗಿಲು ತೆರೆಯಬೇಡಿ. ಆದರೆ ರೆಂಬೆ ಮುರಿದಿದೆ, ಮೇಡಂ ಕಣ್ಣಿಗೆ ಬೀಳದೆ ಇರುವುದಿಲ್ಲ.

ಅವರನ್ನು ಕರೆತರಲು ಏರ್‌ಪೋರ್ಟಿಗೆ ಹೊರಟೆ. ಕಿತ್ತವನು ನಾನೇ ಎಂದು ಕಾರಿನಲ್ಲೇ ಹೇಳಿಬಿಡುತ್ತೇನೆ. ನೀವು ಬಾಯಿ ಬಿಡಬೇಡಿ. ನನ್ನ ಇಕಾಮಾ ರದ್ದಾಗಿ ಈ ಅರಬ್ ದೇಶ ಬಿಡಬೇಕಾಗಿ ಬಂದರೂ ಊರಲ್ಲಿ ಅಣ್ಣನ ಆಟೋ ಉಂಟು. ನಿಮ್ಮ ಮಗಳು ನವ್ಯಶ್ರೀಯ ನರ್ಸಿಂಗ್ ಓದು ಇನ್ನೂ ಮುಗಿದಿಲ್ಲ.

ಮೀನು ಗ್ಯಾಸಿನಲ್ಲೇ ಹುರಿಯಿರಿ. ನನಗೂ ಒಂದು ತುಂಡು ತೆಗೆದಿಡಿ. ಗೇಟಿನೊಳಗೆ ಬಿಟ್ಟರೆ ಬಂದು ಉಣ್ಣುತ್ತೇನೆ.

ನಿಮ್ಮ ತಮ್ಮನಂತಿರುವ,
ಡ್ರೈವರ್ ರೋಹಿದಾಸ