ಕಪ್ ಹಿಡಿದವರ ಫೋಟೋ

ಯಶವಂತಪುರ
೮ ಮೇ ೧೯೮೪

ಗಂಗರತ್ನ ಅವರಿಗೆ ಶರಣವ್ವನ ನಮಸ್ಕಾರ.

ಕಾರ್ಖಾನೆಯ ಕ್ರೀಡಾ ಕೋಟಾ ಅರ್ಜಿಗೆ ನೀವು ಕೇಳಿದ್ದ ಪತ್ರಿಕೆ ಸಿಕ್ಕಿತು. ಖೊಖೊ ಫೈನಲ್ ಮುಗಿದ ಮರುದಿನದ್ದು, ಏಳನೆಯ ಪುಟ. ಫೋಟೋದಲ್ಲಿ ಶಾಸಕರು ಕಪ್ ಹಿಡಿದು ನಿಂತಿದ್ದಾರೆ. ಪಕ್ಕದಲ್ಲಿ ಕಾಣುವ ಮೊಣಕೈ ನಿಮ್ಮದು. "ಕಪ್ ಇಂಗ್ ಕೊಡವ್ವ, ನೀನ್ ಒಸಿ ಅತ್ಲಾಗ್ ಸರ್ಕೊ ಅಂದ್ರು" ಎಂದು ನೀವು ನಕ್ಕು ಹೇಳಿದ್ದು ನನ್ನ ಟಿಪ್ಪಣಿಯಲ್ಲಿದೆ. ಫೋಟೋದ ಕೆಳಗೆ ಅವರ ಹೆಸರಿದೆ. ನಿಮ್ಮ ಹೆಸರಿಲ್ಲ.

"ಪೇಪರ್ನಾಗ್ ಇಲ್ದಿದ್ರೆ ನಿಮ್ ಪುಸ್ತಕದಾಗಾದ್ರೂ ಇರ್ತದಲ್ಲ ಅಕ್ಕಾ, ಅದ್ನೇ ತೋರುಸ್ತೀನಿ" ಎಂದಿದ್ದಿರಿ. ಅದರಲ್ಲೂ ಇಲ್ಲ. ಸಂಶೋಧನೆಗಾಗಿ ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ಹೆಂಗಸರ ಹೆಸರು ಎಷ್ಟು ಸಲ ಬರುತ್ತದೆ ಎಂದು ನಾನು ಒಂದು ವರ್ಷ ಎಣಿಸಿದೆ. ಆದರೆ ಮಾತನಾಡಿಸಿದವರ ಹೆಸರನ್ನು ಮರೆಮಾಡುವುದು ನಮ್ಮ ಸಂಶೋಧಕರಲ್ಲಿ ಪದ್ಧತಿ. ನನ್ನ ಪ್ರಬಂಧದಲ್ಲಿ ನೀವು "ಆಟಗಾರ್ತಿ ೪". ಬರೆಯುವಾಗ ನನಗೆ ಏನೂ ಅನ್ನಿಸಿರಲಿಲ್ಲ.

ಹೆಸರು ಸೇರಿಸಬಹುದೇ ಎಂದು ನಿನ್ನೆ ನಮ್ಮ ಮಾರ್ಗದರ್ಶಕರನ್ನು ಕೇಳಿದೆ. "ಸೇರಿಸ್ರೀ, ಅದಕ್ಕೇನಂತೆ. ಆಕೆ ಒಪ್ಪಿಗೆ ಬರ್ಕೊಡ್ಲಿ. ಗಂಡನ ಸೈನೂ ಹಾಕಿಸ್ಬಿಡಿ, ಆಮೇಲೆ ತಕರಾರು ಬೇಡ" ಎಂದರು.

ಒಪ್ಪಿಗೆಯ ಕಾಗದ ಇದರ ಜೊತೆಗಿದೆ. ಸಹಿಗೆ ಒಂದೇ ಗೆರೆ ಹಾಕಿಸಿದ್ದೇನೆ. ನೀವು ಸಹಿ ಮಾಡಿ ಸೋಮವಾರದೊಳಗೆ ಕಳುಹಿಸಿ. ಆ ಪುಟವನ್ನು ಹೊಸದಾಗಿ ಟೈಪ್ ಮಾಡಿಸಿ, ಒಂದು ಪ್ರತಿಯನ್ನು ಅರ್ಜಿಯ ಕೊನೆಯ ದಿನಕ್ಕೆ ಮುಂಚೆ ಕೆಂಪಾಪುರದ ನಿಮ್ಮ ಮನೆಗೆ ನಾನೇ ತರುತ್ತೇನೆ. ಮಾರ್ಗದರ್ಶಕರಿಗೆ ಹೇಳುವುದನ್ನು ನಾನು ಹೇಳುತ್ತೇನೆ.

ನಿಮ್ಮ ಪೂರ್ಣ ಹೆಸರನ್ನು ಸ್ಫುಟವಾಗಿ ಬರೆಯಿರಿ.

ವಿಶ್ವಾಸವಿರಲಿ,
ಶರಣವ್ವ